ಬೇಕರಿ ಲೆಕ್ಕಾನ ಪಾದರಸದಲ್ಲಿ ಮಾಡೋದು ಹೇಗೆ?

ಆಫೀಸಿನ ದಿನನಿತ್ಯದ ಲೆಕ್ಕಕ್ಕೆ ಕಂಪ್ಯೂಟರ್ ಹಚ್ಚಿದ್ದು ಮೊದಲು ಯಾರು ಅಂದ್ರೆ ಎಲ್ರೂ ಐಬಿಎಂ ಅಂತಾರೆ, ಅಲ್ಲ ರೀ, ಲಂಡನ್ನಿನಲ್ಲಿ ಟೀ, ಕೇಕ್ ಮಾರ್ತಿದ್ದ ಜೆ. ಲಯನ್ಸ್ ಕಂಪನಿ, ರೈಲು ಬಿಡ್ತಿಲ್ಲ. ಒಂದು ಕಪ್ ಟೀಗೆ ಸಿಗೋ ಲಾಭ ಪುಡಿಗಾಸು, ಬಿಲ್ಲು ಮಾತ್ರ ರಾಶಿ ರಾಶಿ, ಗುಮಾಸ್ತರ ಖರ್ಚಲ್ಲೇ ಲಾಭ ಕರಗಿ ಹೋಗೋದು.

ಮೊದಲನೇ ಕೆಲಸ, ಮೆಷಿನ್ ಹುಡುಕೋದು. 1947ರಲ್ಲಿ ಇವರ ಇಬ್ಬರು ಮ್ಯಾನೇಜರ್‌ಗಳು ಅಮೆರಿಕಕ್ಕೆ ಹೋದ್ರೆ, ಅಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಕಂಪ್ಯೂಟರ್ ಕೆಲಸ ಮಾಡ್ತಿದ್ದ ಗೋಲ್ಡ್‌ಸ್ಟೈನ್, ನಿಮ್ಮ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲೇ ವಿಲ್ಕ್ಸ್ ಅನ್ನೋರು ಒಂದು ಕಂಪ್ಯೂಟರ್ ಕಟ್ತಿದ್ದಾರಲ್ಲ ಅಂದ್ರಂತೆ. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತು! ಲಯನ್ಸ್ ಕೇಂಬ್ರಿಜ್‌ಗೆ 3000 ಪೌಂಡ್ ಕೊಡ್ತು, 1949ರ ಮೇನಲ್ಲಿ ಅಲ್ಲಿನ ಆ ಕಂಪ್ಯೂಟರ್, ಎಡ್ಸಾಕ್, ಓಡ್ತು, ಅದೇ ಮಾದರಿ ಇಟ್ಕೊಂಡು ಇಂಜಿನಿಯರ್ ಜಾನ್ ಪಿಂಕರ್ಟನ್ ಲಂಡನ್ನಿನಲ್ಲಿದ್ದ ಲಯನ್ಸ್‌ನ ಕ್ಯಾಡ್ಬಿ ಹಾಲ್‌ನಲ್ಲಿ ಲಿಯೋ ಅನ್ನೋ ಕಂಪ್ಯೂಟರ್ ಕಟ್ಟಿದ್ರು, ಬಲ್ಬಿನ ಥರದ ಗಾಜಿನ ವಾಲ್ವ್ ಸುಮಾರು 6000 ಇದ್ದ ರೂಮಿನಷ್ಟು ದೊಡ್ಡ ಮೆಷಿನ್.

ಆಮೇಲೆ ಮೆಮೊರಿ. ಐದಡಿ ಉದ್ದದ ಕೊಳವೆ ತುಂಬಾ ಪಾದರಸ, ಒಂದು ತುದೀಲಿ ಸ್ಫಟಿಕ. ಅಂಕಿಯನ್ನ ಕರೆಂಟಿನ ಮಿಡಿತ ಮಾಡಿ ಅದಕ್ಕೆ ತಟ್ಟಿದ್ರೆ ಶಬ್ದದ ಅಲೆ ಹೊರಟು ಹೆಚ್ಚು ಕಮ್ಮಿ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಆ ತುದಿ ಮುಟ್ಟುತ್ತೆ, ಅಲ್ಲಿನ ಸ್ಫಟಿಕ ಅದನ್ನ ಮತ್ತೆ ಕರೆಂಟ್ ಮಾಡುತ್ತೆ, ಸವೆದಿದ್ದನ್ನ ಸರಿಮಾಡಿ ಮತ್ತೆ ಈ ತುದಿಗೇ ಕಳಿಸೋದು. ಸುತ್ತೋದು ನಿಂತ್ರೆ ನೆನಪೂ ಹೋಯ್ತು. ಇಂಥವು 64 ಕೊಳವೆ.

ಇಷ್ಟೆಲ್ಲಾ ಮಾಡಿದ್ರೂ ನಿಜವಾದ ಕಷ್ಟ ಮುಂದಿನದು, ಗುಮಾಸ್ತ ಮಾಡೋ ಕೆಲಸಾನ ಬರೆದಿಡೋದು. ಅವನಾದ್ರೆ ಅಂಕಿ ಎಡವಟ್ಟಾಗಿದ್ರೆ ಕಣ್ಣಲ್ಲೇ ಹಿಡೀತಾನೆ, ಮೆಷಿನ್ನಿಗೆ ಆ ಅನುಮಾನಾನೂ ನಾವೇ ಕಲಿಸ್ಬೇಕು. ಲಯನ್ಸ್‌ನ ಡೇವಿಡ್ ಕ್ಯಾಮಿನರ್ ತಂಡ ಪ್ರತಿಯೊಂದು ಹೆಜ್ಜೇನೂ ಚಾರ್ಟ್ ಬರೆದು, ಒಬ್ಬರು ಬರೆದದ್ದನ್ನ ಇನ್ನೊಬ್ಬರು ಚೆಕ್ ಮಾಡಿ, ಆಮೇಲೇ ಕೋಡ್ ಮಾಡೋರು. ನನ್ನ ಕೇಳಿದ್ರೆ ಲಿಯೋದ ಅರ್ಧ ಬುದ್ಧಿ ಇದ್ದಿದ್ದು ಆ ಕಾಗದದಲ್ಲೇ.

1951ರ ನವೆಂಬರ್‌ನಿಂದ ವಾರವಾರ ಬೇಕರಿ ಲೆಕ್ಕ ಶುರು. ಸಂಬಳದ ಲೆಕ್ಕದಲ್ಲಂತೂ ಗುಮಾಸ್ತನಿಗೆ 8 ನಿಮಿಷ ಹಿಡೀತಿದ್ದ ಒಬ್ಬನ ಲೆಕ್ಕ ಇದಕ್ಕೆ ಒಂದೂವರೆ ಸೆಕೆಂಡ್. ಆದ್ರೆ ಅಂಕಿಗಳನ್ನ ತೂತು ಹೊಡೆದು ಬರೆದ ಕಾರ್ಡ್ ಓದೋದು, ಪ್ರಿಂಟ್ ಮಾಡೋದು ನಿಧಾನ, ಅದಕ್ಕೇ ಮಧ್ಯೆ ಬಫರ್, ಅಂದ್ರೆ ಅಂಕಿಗಳನ್ನ ಸ್ವಲ್ಪ ಹೊತ್ತು ಹಿಡಿದಿಡೋ ಜಾಗ, ಇಟ್ಟು, ಇತ್ತ ಲೆಕ್ಕ ನಡೀತಿದ್ದಾಗಲೇ ಅತ್ತ ಮುಂದಿನ ಕಾರ್ಡ್ ಒಳಗೆ ಬರೋ ಹಾಗೆ ಮಾಡಿದ್ರು. 1954ರಲ್ಲಿ ಲಿಯೋ ಕಂಪ್ಯೂಟರ್ಸ್ ಅಂತ ಬೇರೆ ಕಂಪನೀನೇ ಆಯ್ತು, ಬ್ರಿಟನ್ನಿನ ಫೋರ್ಡ್ ಕಾರ್ಖಾನೆಯವರ ಸಂಬಳದ ಲೆಕ್ಕಾನೂ ಈ ಟೀ ಅಂಗಡಿಯವರೇ ಮಾಡಿಕೊಟ್ರು.