ಕೀಪ್ಯಾಡ್ ಫೋನು ಮತ್ತು ಹತ್ತರ ಕಟ್ಟು

ಉಡುಪಿಯಲ್ಲಿ ಇಪ್ಪತ್ತಾರು ವರ್ಷ ಪಿಗ್ಮಿ ಎತ್ತಿದವನು ನಾನು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಹೋಗಿ ಉಳಿತಾಯದ ಹಣ ಪಡೆಯುವ ಪದ್ಧತಿಯನ್ನು 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ್ದು ಇದೇ ಊರಿನಲ್ಲಿ. ನಾನು ಹೊತ್ತದ್ದು ಒಂದು ಸಹಕಾರಿ ಸಂಘದ ಚೀಲ. ಕೊನೆಯ ವರ್ಷಗಳಲ್ಲಿ ಸಂಘ ಕೊಟ್ಟಿದ್ದ ಸ್ಮಾರ್ಟ್‌ಫೋನನ್ನು ಕೆಲಸ ಬಿಟ್ಟ ದಿನ ಮೇಜಿನ ಮೇಲಿಟ್ಟು ಬಂದೆ, ಹೊಸದು ಕೊಳ್ಳಲಿಲ್ಲ. ಕೇಳಿದವರಿಗೆ ಕಣ್ಣಿನ ನೆಪ ಹೇಳುತ್ತೇನೆ. ನಿಜವಾಗಿ, ಆ ಫೋನು ಇದ್ದಷ್ಟು ಕಾಲ ರಾತ್ರಿ ಹತ್ತಕ್ಕೂ ಯಾರಾದರೂ ಲೆಕ್ಕ ಕೇಳುತ್ತಿದ್ದರು.

ಮೊದಲು ಕಾಡಿದ್ದು ಚಿಲ್ಲರೆ. ಸಿಟಿ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ನೂರರ ನೋಟು ಚಾಚಿದರೆ, "ಚಿಲ್ಲರೆ ಇಲ್ಲ ಮಾರಾಯರೇ, ಸ್ಕ್ಯಾನ್ ಮಾಡಿ" ಎಂಬ ಉತ್ತರ. ಅವರದು ಸೊಕ್ಕಲ್ಲ. ಎಲ್ಲರೂ ಸ್ಕ್ಯಾನ್ ಮಾಡುವಾಗ ಗಲ್ಲಾಪೆಟ್ಟಿಗೆಗೆ ಚಿಲ್ಲರೆ ಬರುವುದಾದರೂ ಎಲ್ಲಿಂದ? ಈಗ ತಿಂಗಳಿಗೊಮ್ಮೆ ಬ್ಯಾಂಕಿನಿಂದ ಹತ್ತರ ನೋಟಿನ ಒಂದು ಕಟ್ಟು, ಅಂದರೆ ಸಾವಿರ ರೂಪಾಯಿ, ತರುತ್ತೇನೆ. ಕಟ್ಟು ಇಲ್ಲವೆಂದರೆ ನಾಣ್ಯ ಕೇಳುತ್ತೇನೆ. ಅದನ್ನು ಕ್ಯಾಷಿಯರ್ ಭಾರ ಇಳಿಸಿಕೊಂಡವರಂತೆ ಎಣಿಸಿ ಕೊಡುತ್ತಾರೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಟಿಕೆಟ್ ತೆಗೆಯುವಾಗ ಸರಿಯಾದ ದುಡ್ಡು ಕೊಟ್ಟು ನೋಡಿ, ಕಂಡಕ್ಟರರ ಮುಖವೇ ಬದಲಾಗುತ್ತದೆ.

ನಮ್ಮ ಬೀದಿಗೆ ಬರುವ ಮೀನಿನ ಅಕ್ಕನ ಬುಟ್ಟಿಯಲ್ಲೂ ಈಗ ಕ್ಯೂಆರ್ ಕೋಡಿನ ಕಾರ್ಡು ಇದೆ. ಆದರೆ ನನಗೆ ಬಂಗುಡೆ ಕೊಡುವಾಗ ಒಂದು ಹೆಚ್ಚು ಹಾಕುತ್ತಾಳೆ. "ಸ್ಕ್ಯಾನ್ ಮಾಡಿದ್ದು ಮಗನ ಖಾತೆಗೆ ಹೋಗುತ್ತದೆ ಅಣ್ಣ, ನೀವು ಕೊಟ್ಟದ್ದು ನನ್ನ ಸೊಂಟದಲ್ಲಿ ಉಳಿಯುತ್ತದೆ."

ಸ್ಮಾರ್ಟ್‌ಫೋನ್ ಬೇಕೇ ಬೇಕು ಎಂದು ಜನ ನಂಬಿರುವ ಎಷ್ಟೋ ಕೆಲಸಗಳಿಗೆ ಅದು ಬೇಡ. ಮೆಸ್ಕಾಂನ ಕರೆಂಟ್ ಬಿಲ್ಲನ್ನು ಕೌಂಟರಿನಲ್ಲಿ ಕಟ್ಟುತ್ತೇನೆ. ಗ್ಯಾಸನ್ನು ಕರೆ ಮಾಡಿಯೇ ಬುಕ್ ಮಾಡುತ್ತೇನೆ. ಸಿಲಿಂಡರ್ ತಂದವನಿಗೆ ಹೇಳಬೇಕಾದ ಸಂಖ್ಯೆ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ. ಬ್ಯಾಂಕಿನ ಒಟಿಪಿಯೂ ಹಾಗೆಯೇ.

ಕೀಪ್ಯಾಡ್ ಫೋನಿನಲ್ಲಿ ಯುಪಿಐ ಕೂಡ ಇದೆ. ಬ್ಯಾಂಕಿಗೆ ಕೊಟ್ಟ ನಂಬರಿನಿಂದ *99# ಒತ್ತಬೇಕು. ಮೊದಲ ಸಲ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು, ವರ್ಷ ಹಾಕಿ ಪಿನ್ ಮಾಡಿಕೊಂಡೆ. ಒಂದು ಸಲಕ್ಕೆ 5,000 ರೂಪಾಯಿಯ ಮಿತಿ. ತಡವರಿಸಿದರೆ ಸಂಪರ್ಕವೇ ಕಡಿದುಹೋಗುತ್ತದೆ. ನಾನು ಮೂರು ಸಲ ಸೋತ ಮೇಲೆ ಹಣ ಪಡೆಯುವವರ ಮೊಬೈಲ್ ನಂಬರನ್ನೂ ಮೊತ್ತವನ್ನೂ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಲು ಕಲಿತೆ. ಇದಕ್ಕೆ ಕ್ಯೂಆರ್ ಕೋಡ್ ಓದಲು ಬಾರದು. ಅಂಗಡಿಯಲ್ಲಿ ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ಈ ಸಾಹಸ ಬೇಡ. ಮನೆಯಲ್ಲಿ ಕುಳಿತು ಬಾಡಿಗೆ ಕಳುಹಿಸಲು ಸಾಕು.

ಇಷ್ಟಾದರೂ ನನ್ನ ಹಳೆಯ ಪಿಗ್ಮಿ ಪುಸ್ತಕದಲ್ಲಿ ಇನ್ನೊಂದು ಲೆಕ್ಕವಿದೆ: ತಿಂಗಳಲ್ಲಿ ಎಷ್ಟು ಸಲ ಬೇರೆಯವರ ಫೋನು ಬಳಸಿದೆ ಎಂದು. ಕಳೆದ ತಿಂಗಳು ಏಳು. ಅದರಲ್ಲಿ ಐದು ಪಕ್ಕದ ಮನೆಯ ಹುಡುಗನದು. ಹಣವನ್ನು ಅಂದೇ ತೀರಿಸುತ್ತೇನೆ, ಆದರೆ ತೀರದ ಬಾಬತ್ತೂ ಒಂದಿದೆ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೆಂಡತಿಯ ಸ್ಕ್ಯಾನಿಂಗ್ ಆದ ಮೇಲೆ ಕೌಂಟರಿನ ಹುಡುಗಿ, "ರಿಪೋರ್ಟ್ ವಾಟ್ಸಾಪಿಗೆ ಬರುತ್ತದೆ ಅಂಕಲ್, ನಂಬರ್ ಹೇಳಿ" ಎಂದಳು. ನಾನು ಯೋಚಿಸದೆ ಆ ಹುಡುಗನ ನಂಬರ್ ಹೇಳಿದೆ. ಹೆಂಡತಿಯ ಹೊಟ್ಟೆಯೊಳಗಿನ ಚಿತ್ರ ಅವಳಿಗಿಂತ ಮೊದಲು ಅವನು ನೋಡಿದ. ಅವಳು ನನ್ನೊಡನೆ ಎರಡು ದಿನ ಮಾತಾಡಲಿಲ್ಲ, ಆ ಹುಡುಗನ ಎದುರು ಈಗಲೂ ಬರುವುದಿಲ್ಲ. ಫೋನು ಬೇಡವೆಂದದ್ದು ನಾನು, ಮುಜುಗರ ಅವಳ ಪಾಲಿಗೆ ಬಂತು. ಅಂದಿನಿಂದ ಪ್ರಿಂಟೇ ಬೇಕೆಂದು ಕೌಂಟರಿನಲ್ಲಿ ನಿಂತುಬಿಡುತ್ತೇನೆ. ಅರ್ಧ ಗಂಟೆ ಹಿಡಿಯುತ್ತದೆ, ಸಿಗುತ್ತದೆ.

ಜೂನ್‌ನಲ್ಲಿ ಹುಡುಗ ಕೆಲಸಕ್ಕೆಂದು ಬೆಂಗಳೂರಿಗೆ ಹೊರಡುತ್ತಾನೆ. ಎದುರು ಮನೆಗೆ ಹೊಸದಾಗಿ ಬಂದ ಗಂಡಹೆಂಡಿರ ಪರಿಚಯ ಇನ್ನೂ ಅಷ್ಟಕ್ಕಷ್ಟೇ. ನಿನ್ನೆ ಅರ್ಧ ಹಲಸಿನ ಹಣ್ಣು ಕೊಟ್ಟು ಬಂದಿದ್ದೇನೆ.