ಹನ್ನೆರಡು ಲಕ್ಷದ ಗೆರೆ ದಾಟಿದ ಹದಿನೈದು ಸಾವಿರ

2025ರ ಬಜೆಟ್ಟಿನ ಬಳಿಕ ಹನ್ನೆರಡು ಲಕ್ಷದವರೆಗೆ ಆದಾಯ ತೆರಿಗೆಯೇ ಇಲ್ಲವೆಂಬ ಮಾತು ಎಲ್ಲೆಡೆ ಹರಡಿತು. ನನ್ನ ಸಂಬಳ ಆ ಮೊತ್ತದ ಆಸುಪಾಸಿನಲ್ಲೇ ಇದ್ದುದರಿಂದ, 2025-26ರ ಆರಂಭದಲ್ಲಿ ಕಚೇರಿಯವರು ತೆರಿಗೆ ಲೆಕ್ಕಕ್ಕೆ ಹೊಸ ಪದ್ಧತಿಯೋ ಹಳೆಯದೋ ಎಂದು ಕೇಳಿದಾಗ, ಉತ್ತರ ಬರೆದುಕೊಡುವ ಮೊದಲು ಎರಡೂ ಲೆಕ್ಕಗಳನ್ನು ನಾನೇ ಹಾಕಿ ನೋಡಿದೆ.

ವರ್ಷದ ಒಟ್ಟು ಸಂಬಳ 12,90,000 ರೂಪಾಯಿ. ಅದರಲ್ಲಿ ಮೂಲ ವೇತನ 6,60,000, ಮನೆ ಬಾಡಿಗೆ ಭತ್ಯೆ 2,64,000. ಉಳಿದದ್ದು ವಿಶೇಷ ಭತ್ಯೆ. ಬೆಂಗಳೂರಿನಲ್ಲಿ ಕೊಡುತ್ತಿದ್ದ ಬಾಡಿಗೆ ವರ್ಷಕ್ಕೆ 2,40,000.

ಹಳೆಯ ಪದ್ಧತಿಯಲ್ಲಿ ಬಾಡಿಗೆ ಭತ್ಯೆ ಪೂರ್ತಿಯಾಗಿ ತೆರಿಗೆಮುಕ್ತವಲ್ಲ. ಪಡೆದ ಭತ್ಯೆ, ಕೊಟ್ಟ ಬಾಡಿಗೆಯಲ್ಲಿ ಮೂಲ ವೇತನದ ಶೇ 10 ಕಳೆದು ಉಳಿದದ್ದು, ಮೂಲ ವೇತನದ ಶೇ 40 – ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ಮಾತ್ರ ವಿನಾಯಿತಿ. ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳಿಗೆ ಶೇ 50 ಕೊಟ್ಟಿದ್ದ ಆ ವರ್ಷದ ನಿಯಮ, ಬಾಡಿಗೆಯಲ್ಲಿ ಯಾರಿಗೂ ಕಡಿಮೆಯಿಲ್ಲದ ಬೆಂಗಳೂರನ್ನು ಹೊರಗಿಟ್ಟಿದ್ದು ನನಗೆ ಇಂದಿಗೂ ನ್ಯಾಯವೆನಿಸುವುದಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಎರಡನೆಯ ಮೊತ್ತವೇ ಕನಿಷ್ಠವಾಗಿದ್ದರಿಂದ ಅದು ಬಾಧಿಸಲಿಲ್ಲ. ಹೀಗೆ ಸಿಕ್ಕಿದ 1,74,000ದ ಜೊತೆಗೆ ಸಂಬಳದಾರರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,500, ಪಿಎಫ್ ಮತ್ತು ವಿಮೆಯ 1,50,000 ಕಳೆದರೆ ಉಳಿದದ್ದು 9,13,500. ಅದರ ಮೇಲೆ ಸೆಸ್ (ತೆರಿಗೆಯ ಮೇಲಿನ ಉಪಕರ) ಸೇರಿ ತೆರಿಗೆ 99,008 ರೂಪಾಯಿ.

ಹೊಸ ಪದ್ಧತಿಯಲ್ಲಿ ಬಾಡಿಗೆ, ವಿಮೆ ಯಾವುದಕ್ಕೂ ಬೆಲೆಯಿಲ್ಲ; 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 12,15,000 ಉಳಿಯಿತು. ಇಲ್ಲಿ ಗಮನಿಸಬೇಕಾದದ್ದು, ನಿಜವಾದ ವಿನಾಯಿತಿ ಮಿತಿ ಇರುವುದು ನಾಲ್ಕು ಲಕ್ಷಕ್ಕೆ. ಅಲ್ಲಿಂದ ಎಂಟು ಲಕ್ಷದವರೆಗೆ ಶೇ 5, ಹನ್ನೆರಡರವರೆಗೆ ಶೇ 10ರಂತೆ 60,000 ತೆರಿಗೆ ಬಿದ್ದೇ ಬೀಳುತ್ತದೆ. ಆದಾಯ ಹನ್ನೆರಡು ಲಕ್ಷ ಮೀರದಿದ್ದರೆ ಆ ವರ್ಷದ ಕಾಯ್ದೆಯ 87ಎ ಸೆಕ್ಷನ್ ಅಡಿ ಆ ಅರವತ್ತು ಸಾವಿರವೂ ಮನ್ನಾ ಆಗುತ್ತದೆ. ಮೀರಿದರೆ ಮನ್ನಾ ಇಲ್ಲ. ನನ್ನ ತೆರಿಗೆ 62,250 ಆಗಬೇಕಿತ್ತು. ಆದರೆ ಮಾರ್ಜಿನಲ್ ರಿಲೀಫ್ ಎಂಬ ಏರ್ಪಾಡಿನಿಂದ, ಗೆರೆ ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ವಿಧಿಸುವಂತಿಲ್ಲ. ಆದ್ದರಿಂದ 15,000, ಸೆಸ್ ಸೇರಿ 15,600.

ಹಳೆಯ ಪದ್ಧತಿ ಇದಕ್ಕೆ ಸರಿಗಟ್ಟಬೇಕಾದರೆ ನಾನು 7,77,500 ರೂಪಾಯಿಯ ಕಡಿತಗಳನ್ನು ತೋರಿಸಬೇಕಿತ್ತು. ಗೃಹಸಾಲವಿಲ್ಲದ ನನಗೆ ಅದು ಆಗದ ಮಾತು.

ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಹನ್ನೆರಡು ಲಕ್ಷದಿಂದ ಸುಮಾರು 12,70,000ದವರೆಗೆ ಹೆಚ್ಚಿಗೆ ದುಡಿದ ಪ್ರತಿ ರೂಪಾಯಿಯೂ ತೆರಿಗೆಗೇ ಹೋಗುತ್ತದೆ ಎಂದ ಮೇಲೆ, ಆ ಹದಿನೈದು ಸಾವಿರವನ್ನು ಸಂಬಳವಾಗಿ ಪಡೆಯುವುದರಲ್ಲಿ ಅರ್ಥವೇ ಇರಲಿಲ್ಲ. ಹೊಸ ಪದ್ಧತಿಯಲ್ಲಿ ಉಳಿದುಕೊಂಡಿರುವ ಕೆಲವೇ ಕಡಿತಗಳಲ್ಲಿ, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್ ಖಾತೆಗೆ ಉದ್ಯೋಗದಾತರು ಕಟ್ಟುವ ವಂತಿಗೆಯೂ ಒಂದು. ಮೂಲ ವೇತನದ ಶೇ 14ರವರೆಗೆ, ನನ್ನ ಮಟ್ಟಿಗೆ 92,400ರವರೆಗೆ, ಅವಕಾಶವಿದೆ. ನಾವೇ ಕಟ್ಟಿದರೆ ಈ ಪದ್ಧತಿಯಲ್ಲಿ ಕಡಿತ ಸಿಗದು. ಆದ್ದರಿಂದ ವಿಶೇಷ ಭತ್ಯೆಯಲ್ಲಿ ತಿಂಗಳಿಗೆ 2,000 ರೂಪಾಯಿ ತಗ್ಗಿಸಿ ಅದನ್ನು ಎನ್‌ಪಿಎಸ್‌ಗೆ ಕಟ್ಟುವಂತೆ ಕಚೇರಿಗೆ ಬರೆದುಕೊಟ್ಟೆ. ವರ್ಷಕ್ಕೆ 24,000 ಕಳೆದು ಆದಾಯ 11,91,000ಕ್ಕೆ ಇಳಿಯಿತು, ತೆರಿಗೆ ಸೊನ್ನೆಯಾಯಿತು. ಸರಿಯಾಗಿ ಹದಿನೈದು ಸಾವಿರಕ್ಕೆ ನಿಲ್ಲಿಸದಿರಲು ಕಾರಣ ಉಳಿತಾಯ ಖಾತೆಯ ಬಡ್ಡಿ: ಹೊಸ ಪದ್ಧತಿಯಲ್ಲಿ ಅದಕ್ಕೆ ವಿನಾಯಿತಿಯಿಲ್ಲದೆ ಪೂರ್ತಿ ಆದಾಯಕ್ಕೇ ಸೇರುತ್ತದೆ. ಎನ್‌ಪಿಎಸ್ ಹಣ ಬೇಕೆಂದಾಗ ಕೈಗೆ ಬರುವುದಿಲ್ಲ ಎಂಬುದು ನಿಜ. ಆದರೆ ಅದರ ಬಹುಪಾಲು ಹೇಗೂ ತೆರಿಗೆಗೆ ಹೋಗಲಿದ್ದ ಹಣ.

ಷೇರು ಮಾರಿ ಲಾಭ ಗಳಿಸಿದವರು ಬೇರೆಯೇ ಲೆಕ್ಕ ಹಾಕಬೇಕು, ಏಕೆಂದರೆ ಆ ಲಾಭಕ್ಕೆ ಬೀಳುವ ವಿಶೇಷ ದರದ ತೆರಿಗೆಗೆ ಮೇಲೆ ಹೇಳಿದ ಮನ್ನಾ ಅನ್ವಯಿಸುವುದಿಲ್ಲ. ಇನ್ನು, ಕಚೇರಿಗೆ ತಿಳಿಸಿದ ಆಯ್ಕೆ ಸಂಬಳದಲ್ಲೇ ತೆರಿಗೆ ಹಿಡಿಯುವ ಟಿಡಿಎಸ್‌ಗಷ್ಟೇ ಸಂಬಂಧಿಸಿದ್ದು. ವ್ಯಾಪಾರದ ಆದಾಯವಿಲ್ಲದವರು ರಿಟರ್ನ್ ಸಲ್ಲಿಸುವಾಗ, ಗಡುವಿನೊಳಗಾದರೆ, ಹಳೆಯ ಪದ್ಧತಿಗೆ ಬದಲಾಯಿಸಿಕೊಳ್ಳಬಹುದು.