ಓಮ್ನಿ ಸೈಲೆನ್ಸರ್ ಮತ್ತು ಅಪ್ಪನ ಬಿಪಿ ಗೇಜ್: ನನ್ನ ಅನುಭವ

ಸೈಲೆನ್ಸರ್ ಬದಲಿಸಿದ ಮೇಲೆ, ಕಳೆದ ತಿಂಗಳು ನನ್ನ ಹಳೆ ಕಾರ್ಬುರೇಟರ್ ಓಮ್ನಿ ಐದು ಜನರನ್ನು ಕೂರಿಸಿಕೊಂಡು ಆಗುಂಬೆ ಘಾಟಿಯ 14 ತಿರುವುಗಳನ್ನೂ ಹತ್ತಿತು. ಫಸ್ಟ್ ಗೇರ್ ಹಾಕಿದ್ದು ಎರಡೇ ಕಡೆ. ಮುಂಚೆ ಆರೇಳು ಕಡೆ ಹಾಕಬೇಕಿತ್ತು. "ಸೈಲೆನ್ಸರ್‌ನಿಂದ ಏನಾಗುತ್ತೆ ಮಾರಾಯ, ಇಂಜಿನ್ ಬಿಚ್ಚಿಸು" ಎಂದವರು ಇದನ್ನು ಓದಲಿ.

ಮೊದಲು ನಾನೂ ಎಲ್ಲರ ಹಾಗೆ ಎಡವಿದೆ. ಹೊಗೆ ಪೈಪು ದೊಡ್ಡದಾದರೆ ಪಿಕಪ್ ಬರುತ್ತೆ ಅಂದುಕೊಂಡು ಎರಡಿಂಚಿನ ಪೈಪು ಹಾಕಿಸಿದೆ. ಸುಮಾರು 3,500 ರೂಪಾಯಿ ಹೋಯಿತು. ಬೀದಿ ನಾಯಿಗಳು ಬೆನ್ನು ಹತ್ತಿದವು, ಪಿಕಪ್ ಬರಲಿಲ್ಲ. ಇಂಜಿನ್ 796 ಸಿಸಿ. ಅಷ್ಟು ಸಣ್ಣ ಇಂಜಿನ್ನಿನ ಹೊಗೆಗೆ ಅಷ್ಟಗಲ ದಾರಿ ಕೊಟ್ಟರೆ ಅದರ ಓಟವೇ ಸತ್ತುಹೋಗುತ್ತೆ, ಹಿಂದಿನಿಂದ ಬರುವ ಹೊಗೆಯನ್ನು ಎಳೆದುಕೊಳ್ಳಲ್ಲ. ಕಡಿಮೆ ಆರ್‌ಪಿಎಂನಲ್ಲಿ ದಮ್ಮೇ ಇಲ್ಲ. ಘಾಟಿಯಲ್ಲಿ ಬೇಕಿರೋದು ಅದೇ ಅಲ್ವಾ?

ಊಹೆ ಸಾಕು, ಪೈಪಿನೊಳಗೆ ಹೊಗೆಯ ಒತ್ತಡ ಎಷ್ಟೆಂದು ಅಳೆದೇ ನೋಡೋಣವೆಂದು ಅಪ್ಪನ ಹಳೆ ಬಿಪಿ ಮೀಟರಿನ ಗೇಜ್ ಕಿತ್ತೆ. ದಾರಿ ಕಟ್ಟಿದಷ್ಟೂ ಒತ್ತಡ ಜಾಸ್ತಿ. ಮಫ್ಲರ್‌ಗಿಂತ (ಶಬ್ದ ತಗ್ಗಿಸುವ ಡಬ್ಬಿ) ಒಂದು ಗೇಣು ಮುಂದೆ, ಇಂಜಿನ್ ಕಡೆ, ಪೈಪಿಗೆ ತೂತು ಹೊಡೆದು, ನಟ್ ಬೆಸೆದು, ಆರಡಿ ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ ಗೇಜಿಗೆ ಕೊಟ್ಟೆ. ಸುರುಳಿ ಇಲ್ಲದೆ ಮಾಡಿದ ಮೊದಲ ಸಲ ರಬ್ಬರ್ ಕರಗಿತ್ತು. ಮುಳ್ಳು ನಡುಗಿದರೆ ಕೊಳವೆಯನ್ನು ಒಂದು ಕಡೆ ಸ್ವಲ್ಪ ಚಪ್ಪಟೆ ಮಾಡಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಏರು ಹತ್ತುವಾಗ ಎರಡಿಂಚಿಗೆ 20 ಚಿಲ್ಲರೆ ತೋರಿಸಿತು. ಮೂಲೆಗೆಸೆದಿದ್ದ ಕಂಪನಿ ಪೈಪು, ಮಫ್ಲರ್ ಮತ್ತೆ ಹಾಕಿದರೆ 150ರ ಹತ್ತಿರ!

ಆ ಮಫ್ಲರ್ ಕೊಯ್ದು ನೋಡಿದೆ. ಒಳಗಿನ ತಡೆತಗಡು ತುಕ್ಕು ಹಿಡಿದು ಮುರಿದು, ಹೊರದಾರಿಗೆ ಅಡ್ಡ ಬಿದ್ದಿತ್ತು. ತೋಟದಿಂದ ಪೇಟೆಗೆ ನಾಲ್ಕು ಕಿಲೋಮೀಟರ್ ಓಡಿಸಿ ಆಫ್ ಮಾಡಿದರೆ, ಪೆಟ್ರೋಲ್ ಉರಿದು ಬಂದ ನೀರು ಮಫ್ಲರ್ ಹೊಟ್ಟೆಯಲ್ಲೇ ಉಳಿಯುತ್ತೆ. ಅದು ಸೋರಲು ಇದ್ದ ಸಣ್ಣ ತೂತನ್ನು ಕೆಸರು ಮುಚ್ಚಿತ್ತು.

ಕೊನೆಗೆ ಒಂದೂವರೆ ಇಂಚಿನ ಪೈಪು, ಮಫ್ಲರ್ ಒಳಗೆ ನೇರ ತೂತುಕೊಳವೆ, ಅದರ ಮೇಲೆ ಸ್ಟೀಲ್ ವೂಲ್ (ಉಕ್ಕಿನ ನಾರು), ಆಮೇಲೆ ಶಬ್ದ ಹೀರಲು ಗ್ಲಾಸ್ ವೂಲ್ (ಗಾಜಿನ ನಾರು). ಗ್ಲಾಸ್ ವೂಲ್ ಒಂದೇ ಹಾಕಿದರೆ ಹೊಗೆಯೊಂದಿಗೆ ಹಾರಿಹೋಗುತ್ತೆ. ನಡುವೆ ಒಮ್ಮೆ ಅಡಿಕೆ ಸಿಪ್ಪೆ ತುಂಬಿಯೂ ನೋಡಿದೆ, ನಗಬೇಡಿ. ತೀರ್ಥಹಳ್ಳಿ ಮುಟ್ಟುವುದರೊಳಗೆ ಸುಟ್ಟ ವಾಸನೆ ಬಂತು, ಬಕೆಟ್ ನೀರು ಸುರಿದೆ. ಬಾಗು ಚಪ್ಪಟೆಯಾಗದಿರಲು ಪೈಪಿಗೆ ಮರಳು ತುಂಬಿ ಕಾಯಿಸಿ ಬಗ್ಗಿಸಿದೆ. ಮರಳನ್ನು ಬಾಣಲೆಯಲ್ಲಿ ಹುರಿದೇ ತುಂಬಿ. ಹಸಿ ಇದ್ದರೆ ಆವಿ ಎದ್ದು ಬಿರಡೆ ಹಾರುತ್ತೆ. ಒಂದು ಜಾಯಿಂಟ್‌ನಲ್ಲಿ ವೆಲ್ಡಿಂಗ್ ಒಳಗೆ ಗಂಟು ಕಟ್ಟಿತ್ತು, ಅದನ್ನು ಉಜ್ಜಿಸಲು 600 ದಂಡ.

ಈಗ ಗೇಜ್ 60ರ ಆಸುಪಾಸು. ಶಬ್ದ ಕಂಪನಿಯದಕ್ಕಿಂತ ಚೂರು ಜಾಸ್ತಿ, ಅಷ್ಟೇ. ತೂತುಗಳ ಅಳತೆ, ಸಾಲಿನ ಲೆಕ್ಕ ಮಾತ್ರ ಕೇಳಬೇಡಿ, ಅದಕ್ಕೆ ಮೂರು ಕೊಳವೆ ಹಾಳು ಮಾಡಿದ್ದೇನೆ. ಈ ಕೊನೆಯ ಸುತ್ತಿಗೆ 2,200 ಆಯಿತು, ಅಪ್ಪನಿಗೆ ಕೊಡಿಸಿದ ಹೊಸ ಬಿಪಿ ಮೀಟರ್ ಬಿಟ್ಟು.